ಕೂದಲಿಲ್ಲದ ಮುಂಗೈ

ಅತ್ತಿಗುಪ್ಪೆಯಲ್ಲಿ ನನಗೆ ಕ್ಷೌರ ಮಾಡುತ್ತಿದ್ದವರ ಎಡ ಮುಂಗೈಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಕತ್ತಿ ಹರಿತವಾಯಿತೇ ಎಂದು ಅಲ್ಲೇ ಹೆರೆದು ನೋಡುತ್ತಿದ್ದರು. ಕನ್ನಡಿಯ ಪಕ್ಕದ ಮೊಳೆಗೆ ಎರಡು ಚರ್ಮದ ಪಟ್ಟಿಗಳು. ಒಂದಕ್ಕೆ ಲಗ್ಗೆರೆಯಲ್ಲಿ ಸ್ಟೀಲ್ ಪಾತ್ರೆ ಪಾಲಿಷ್ ಮಾಡುವವರಿಂದ ತಂದ ಹಸಿರು ಸೋಪನ್ನು ತೆಳ್ಳಗೆ ಸವರಿರುತ್ತಿದ್ದರು; ಇನ್ನೊಂದು ಬರಿಯ ಚರ್ಮ. ಕತ್ತಿಯನ್ನು ಮೊದಲು ಹಸಿರಿಗೆ, ಆಮೇಲೆ ಬರಿಯದಕ್ಕೆ ಮಸೆಯುತ್ತಿದ್ದರು. ನಾನು ಗಡಿಯಾರ ನೋಡಿದರೆ, “ಹದ ಬರ್ಲಿ ಸಾರ್, ಕೆನ್ನೆ ನಿಮ್ದೇ ಅಲ್ವಾ,” ಎನ್ನುತ್ತಿದ್ದರು.

ಏಡ್ಸ್ ಭಯ ಎಲ್ಲರಲ್ಲೂ ಇದ್ದ ಕಾಲ. ಒಂದು ಭಾನುವಾರ ನಾನೇ ಕೇಳಿದೆ: “ಹೊಸ ಬ್ಲೇಡ್ ಹಾಕ್ತೀರಾ?”

ಮಸೆಯುತ್ತಿದ್ದ ಕೈ ಅರ್ಧದಲ್ಲೇ ನಿಂತಿತು. “ಹಾಕೋಣ ಸಾರ್,” ಎಂದು ಡ್ರಾಯರಿನಿಂದ ಬ್ಲೇಡು ಸಿಕ್ಕಿಸುವ ಹಿಡಿಯೊಂದನ್ನು ತೆಗೆದರು. ನನ್ನ ಹಿಂದೆ ಕಾಯುತ್ತಿದ್ದ ಮೂವರೂ ಹೊಸ ಬ್ಲೇಡನ್ನೇ ಕೇಳಿದರು.

ಮುಂದಿನ ಸಲ ಹೋದಾಗ ಆ ಮೊಳೆಯಲ್ಲಿ ಕ್ಯಾಲೆಂಡರ್ ಇತ್ತು. ಕ್ಷೌರ ಬೇಗ ಮುಗಿಯಿತು. ಹದದ ಮಾತು ಬರಲಿಲ್ಲ, ಆಮೇಲೂ ಎಂದೂ ಬರಲಿಲ್ಲ.

ಎಷ್ಟೋ ತಿಂಗಳಾದ ಮೇಲೆ, ನನ್ನ ಕೊರಳಿಗೆ ಬಟ್ಟೆ ಕಟ್ಟುವಾಗ ಅವರ ಎಡಗೈ ಕಣ್ಣೆದುರೇ ಬಂತು. ಮುಂಗೈ ಇನ್ನೂ ನುಣ್ಣಗೇ ಇತ್ತು. ಹಳೆಯ ಕತ್ತಿಯನ್ನು ಈಗ ಮನೆಯಲ್ಲಿ ಯಾರಿಗಾಗಿ ಮಸೆಯುತ್ತಿದ್ದರೋ, ಕೇಳುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ, ಹೊಸ ಬ್ಲೇಡಿಗೆ ಕೆನ್ನೆ ಕೊಟ್ಟೆ.