ಬೆವೆತ ಗೂಡು

ರೇಷ್ಮೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳು ಲೊಟಲೊಟ ಅನ್ನಬೇಕು. ಅಂದರೆ ಗೂಡು ಚೆನ್ನಾಗಿದೆ. ರಾಮನಗರದ ಮಾರ್ಕೆಟ್ಟಿನಲ್ಲಿ ನೂಲು ತೆಗೆಯುವ ರೀಲರುಗಳು ಕೊಳ್ಳುವ ಮುಂಚೆ ಮಾಡುವುದು ಇದನ್ನೇ. ಆ ಸದ್ದು ಕೇಳಿ ಗೂಡಿನ ಗುಣ ಹೇಳುವ ಮಿಷಿನ್ನು ನನ್ನ ಸ್ಟಾರ್ಟಪ್ಪು.

ಕಂಪನಿ ಅಂದಮೇಲೆ ಬೆಂಗಳೂರಿನಲ್ಲಿರಬೇಕು ಎಂದು ಎಲ್ಲರೂ ಹೇಳಿದರು. ಹಣ ಹಾಕಲು ಮುಂದೆ ಬಂದವರು ಅದನ್ನು ಷರತ್ತೇ ಮಾಡಿದರು. ಕೋರಮಂಗಲದಲ್ಲಿ ಒಂದು ಮೇಜು ಹಿಡಿದೆ. ಸುಳ್ಳು ಹೇಳಬಾರದು, ಲಾಭವೂ ಆಯಿತು. ನಾನು ತಿಂಗಳುಗಟ್ಟಲೆ ತಲೆಕೆಡಿಸಿಕೊಂಡಿದ್ದ ಮೈಕಿನ ತೊಂದರೆಯನ್ನು ಪಕ್ಕದ ಮೇಜಿನ ಹುಡುಗಿ ಕಾಫಿ ಆರುವುದರೊಳಗೆ ಸರಿಮಾಡಿಕೊಟ್ಟಳು. ಗೂಡು ಮಾತ್ರ ರಾಮನಗರದಿಂದಲೇ ಬರಬೇಕಿತ್ತು. ವಾರಕ್ಕೊಮ್ಮೆ ಎರಡು ಕವರ್ ತುಂಬ ರೈಲಿನಲ್ಲಿ ತಂದು, ಅವನ್ನೇ ಅಲ್ಲಾಡಿಸಿ ಮಿಷಿನ್ನಿಗೆ ಪಾಠ ಹೇಳುತ್ತಿದ್ದೆ.

ಹಣದವರು ಪರೀಕ್ಷೆಗೆ ಬರಲು ಹತ್ತು ದಿನವಿತ್ತು. ಫೇಲಾದರೆ ಅಂಗಡಿ ಮುಚ್ಚಬೇಕು. ಮಾರ್ಕೆಟ್ಟಿನಲ್ಲಿ ಒಮ್ಮೆ ನೋಡೋಣವೆಂದು ಮಿಷಿನ್ನು ತಂದರೆ, ಒಳ್ಳೆಯ ಗೂಡಿಗೆಲ್ಲ ಕೆಂಪು ದೀಪ! ನೋಡುತ್ತಿದ್ದ ಹಿರಿಯ ರೀಲರೊಬ್ಬರು ಹತ್ತಿರ ಬಂದರು.

“ಯಾವ ಗೂಡಲ್ಲಿ ಕಲ್ಸಿದ್ಲಾ ಇದ್ಕೆ?”

“ಇಲ್ಲೀವೇ ಅಣ್ಣಾ. ಪ್ಲಾಸ್ಟಿಕ್ ಕವರ್‌ನಲ್ಲಿ ಬೆಂಗ್ಳೂರ್ಗೆ ತಕಂಡೋಯ್ತಿದ್ದೆ.”

“ಎಷ್ಟು ದಿನ ಮಡಗ್ತಿದ್ದೆ?”

“ಎರಡ್ಮೂರು ದಿನ.”

ಅವರು ಹಣೆ ಚಚ್ಚಿಕೊಂಡರು. “ಗೂಡು ಬೆವ್ತೋಯ್ತದೆ ಕಣ್ಲಾ. ಹುಳ ಕೊಳ್ತು ಒಳಗೇ ಅಂಟ್ಕಂಡ್ರೆ ಸದ್ದೆಲ್ಲಿ ಬತ್ತದೆ? ಕೆಟ್ಟಿದ್ನೇ ಒಳ್ಳೇದು ಅಂತ ಕಲ್ಸ್‌ಬುಟ್ಟಿದೀಯ!”

ಪಕ್ಕದ ಚನ್ನಪಟ್ಟಣದಲ್ಲಿ ಗೂಡಿನ ನಡುವೆಯೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಂದೇ ಅವರ ಶೆಡ್ಡಿನ ಮೂಲೆಯಲ್ಲಿ ಮಿಷಿನ್ನಿಟ್ಟು, ಬೆಳಿಗ್ಗೆ ಹರಾಜಾದ ಗೂಡಿನ ಸದ್ದನ್ನು ಅದಕ್ಕೆ ಬಿಸಿಬಿಸಿಯಾಗಿ ಕೇಳಿಸತೊಡಗಿದೆ. ಸಿಟ್ಟೆಲ್ಲ ನನ್ನ ಮೇಲೆಯೇ.

ಪರೀಕ್ಷೆಯ ದಿನ ಅದೇ ಶೆಡ್ಡಿನಲ್ಲಿ ಆ ಹಿರಿಯ ರೀಲರು ಒಂದೊಂದೇ ಗೂಡು ಕಿವಿಗೆ ಹಿಡಿದು ತೀರ್ಪು ಹೇಳಿದರು. ಒಂದೆರಡು ಬಿಟ್ಟು ಎಲ್ಲಕ್ಕೂ ಮಿಷಿನ್ನು ಅವರ ತೀರ್ಪನ್ನೇ ಹೇಳಿತು. ಹಣದವರು ತಾವೂ ಒಂದನ್ನು ಅಲ್ಲಾಡಿಸಿ ನೋಡಿ, “ಹಾಗಾದರೆ ಆಫೀಸು?” ಎಂದರು. ನಾನು ಶೆಡ್ಡಿನ ಮೂಲೆ ತೋರಿಸಿದೆ. “ಆಗಲಿ” ಅಂದರು.

ಮರುದಿನ ಕೋರಮಂಗಲದ ಬೀಗದ ಕೈ ಹಿಂದಿರುಗಿಸಲು ಹೊರಟೆ. ರೈಲಿನಲ್ಲಿ ಮೊದಲ ಸಲ ಕೈ ಬರಿದಾಗಿತ್ತು. ಕಿಟಕಿ ಪಕ್ಕ ಕೂತು ಹಾಯಾಗಿ ನಿದ್ದೆ ಹೊಡೆದೆ.

“ಇನ್ಮೇಲೆ ಮೈಕ್ ಕೆಟ್ಟರೆ?” ಎಂದಳು ಪಕ್ಕದ ಮೇಜಿನ ಹುಡುಗಿ.

“ಕವರಲ್ಲಿ ಹಾಕ್ಕಂಡು ಬತ್ತೀನಿ. ಅದು ಬೆವರಾಕಿಲ್ಲ.”