ಇಳಿಜಾರಿನಲ್ಲಿ ಕೇಳಿಸಿದ ಪಾಠ

ಜೀಪಿನಲ್ಲಿ ಹಾಡು ಹಾಕುವುದು ಅಪ್ಪನಿಗೆ ಆಗುತ್ತಿರಲಿಲ್ಲ. ಹಾಡಿನ ಮೇಲೇನೂ ಸಿಟ್ಟಿರಲಿಲ್ಲ. ಮನೆಯಲ್ಲಿ ರೇಡಿಯೊ ಹಾಡಿದರೆ ಕುರ್ಚಿಯಲ್ಲಿ ಕೂತು ಕಾಲು ಕುಣಿಸುತ್ತಿದ್ದರು. ಆದರೆ ಗಾಡಿ ಓಡಿಸುವವನ ಕಿವಿ ಎಂಜಿನ್ನಿನ ಮೇಲಿರಬೇಕು, ಏರಿನಲ್ಲಿ ಅದಕ್ಕೆ ಉಬ್ಬಸ ಹತ್ತುವ ಮೊದಲೇ ಗೇರು ಇಳಿಸಬೇಕು, ತಿರುವಿನಾಚೆಯ ಬಸ್ಸಿನ ಹಾರ್ನು ಕೇಳಿಸಬೇಕು ಎನ್ನುವುದು ಅವರ ವಾದ. ಹಾನುಬಾಳಿನ ಮೇಲಿದ್ದ ನಮ್ಮ ಮನೆಯಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ನೆಟ್ಟಗಿರುವ ರಸ್ತೆ ಕಡಿಮೆ. ಹಾಗಾಗಿ ಅವರ ವಾದಕ್ಕೆ ಎದುರು ಹೇಳುವುದು ಕಷ್ಟವಾಗಿತ್ತು.

ಡೀಸೆಲ್ ವಿಷಯದಲ್ಲೂ ಅವರದೇ ಒಂದು ಕ್ರಮವಿತ್ತು. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ತೋರಿಸುವ ಮುಳ್ಳು ಎಂದೋ ಕೆಟ್ಟಿತ್ತು, ಅವರು ಅದನ್ನು ಸರಿಮಾಡಿಸಲಿಲ್ಲ. ಸೀಟಿನ ಕೆಳಗೆ ಒಂದು ಬಿದಿರಿನ ಕಡ್ಡಿ ಇಟ್ಟುಕೊಂಡಿದ್ದರು. ಅದನ್ನು ಟ್ಯಾಂಕಿಗೆ ಇಳಿಸಿ, ಎತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುತ್ತಿದ್ದರು. ಪೂರ್ತಿ ತುಂಬಿಸಿದ್ದನ್ನು ನಾನು ಕಂಡಿಲ್ಲ. ತುಂಬಿಸಿದರೆ ಯಾರಾದರೂ ಪೈಪು ಹಾಕಿ ಎಳೆದುಕೊಳ್ಳುತ್ತಾರೆ ಅನ್ನುತ್ತಿದ್ದರು. ಹಾಗೆ ಎಳೆದುಕೊಂಡವರನ್ನೂ ನಾನು ಕಂಡಿಲ್ಲ.

ಪಕ್ಕದ ಎಸ್ಟೇಟಿನ ಮಾಲೀಕರು ಇದಕ್ಕೆ ತದ್ವಿರುದ್ಧ. ಅವರದು ಮಂಗಳೂರಿನ ಕಡೆಯಿಂದ ಅಜ್ಜನ ಕಾಲದಲ್ಲೇ ಬಂದು ನೆಲೆಸಿದ ಕ್ರಿಶ್ಚಿಯನ್ ಕುಟುಂಬ. ಅಪ್ಪನಿಗಿಂತ ಸ್ವಲ್ಪ ಚಿಕ್ಕವರು, ಅಪ್ಪನ ಖಾಸಾ ಗೆಳೆಯ. ಅವರ ಜೀಪಿನ ಟ್ಯಾಂಕು ಸದಾ ತುಂಬಿರುತ್ತಿತ್ತು, ಹಿಂದೆ ಎರಡು ದೊಡ್ಡ ಸ್ಪೀಕರುಗಳಿದ್ದವು. ಅವರು ಪೇಟೆಯಿಂದ ಹಿಂದಿರುಗಿದರೆ ಕೂಲಿಯವರ ಲೈನ್ ಮನೆಗಳಿಗೆಲ್ಲ ಮೊದಲು ಹಾಡು ತಲುಪುತ್ತಿತ್ತು, ಆಮೇಲೆ ಜೀಪು. ಅಪ್ಪ ಅವರ ಗಾಡಿಯನ್ನು ಟೂರಿಂಗ್ ಟಾಕೀಸು ಅನ್ನುತ್ತಿದ್ದರು. ಅವರು ನಮ್ಮ ಜೀಪನ್ನು ಉಪವಾಸದ ಎತ್ತು ಅನ್ನುತ್ತಿದ್ದರು.

ಇಂಥ ನಮ್ಮ ಜೀಪಿಗೂ ಒಂದು ಟೇಪ್‌ರೆಕಾರ್ಡರು ಬಂದದ್ದು ಅಮ್ಮನ ಪರೀಕ್ಷೆಯಿಂದಾಗಿ.

ಅಮ್ಮ ಕುಂದೂರಿನ ಕಡೆಯವಳು. ಬಿ.ಎ. ಮೊದಲ ವರ್ಷ ಓದುತ್ತಿದ್ದಾಗ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ನಾನು ಮೈಸೂರಿನ ಹಾಸ್ಟೆಲು ಸೇರಿದ ಮೇಲೆ ಅವಳೂ ಅಂಚೆಯ ಮೂಲಕ ಓದುವ ಕೋರ್ಸಿಗೆ ಹೆಸರು ಹಚ್ಚಿದಳು. ಉಳಿದದ್ದೆಲ್ಲ ಪಾಸಾಗಿ ಇತಿಹಾಸದ ಒಂದು ಪತ್ರಿಕೆ ಉಳಿದುಕೊಂಡಿತ್ತು. ಈ ಸಲವೂ ಹೋದರೆ ಮತ್ತೆ ಮೊದಲಿಂದ ಶುರುಮಾಡಬೇಕು ಎಂಬ ನಿಯಮವಿತ್ತು. ಇನ್ನೊಂದು ಸಲ ತನ್ನಿಂದ ಆಗದು ಎಂದು ಅಮ್ಮ ನನಗೆ ಹೇಳಿದ್ದಳು. ಅಳುತ್ತ ಹೇಳಲಿಲ್ಲ, ಅಕ್ಕಿ ಆರಿಸುತ್ತ ಹೇಳಿದಳು. ಅದಕ್ಕೇ ನನಗೆ ಅದು ನಿಜವೆನಿಸಿತು.

ಅವಳಿಗೆ ಸುಮ್ಮನೆ ಕೂರಲು ಸಿಗುತ್ತಿದ್ದ ಹೊತ್ತೆಂದರೆ ಜೀಪಿನಲ್ಲಿ ಪೇಟೆಗೆ ಹೋಗಿ ಬರುವ ಹೊತ್ತು ಮಾತ್ರ. ಅಲ್ಲಿ ಪುಸ್ತಕ ಬಿಚ್ಚಿದರೆ ಮೂರನೆಯ ತಿರುವಿಗೇ ಹೊಟ್ಟೆ ತೊಳಸುತ್ತಿತ್ತು. ಅದಕ್ಕೆ ಅವಳೇ ಒಂದು ದಾರಿ ಹುಡುಕಿದಳು. ಹಳೆಯ ಭಜನೆ ಕ್ಯಾಸೆಟ್ಟೊಂದರ ಮೇಲೆ ಮತ್ತೆ ರೆಕಾರ್ಡ್ ಆಗುವಂತೆ ಅದರ ತಲೆಯ ತೂತುಗಳಿಗೆ ಕಾಗದ ತುರುಕಿ, ಅಡುಗೆಮನೆಯಲ್ಲಿ ಮನೆಯ ಟೇಪ್‌ರೆಕಾರ್ಡರನ್ನು ಮುಂದಿಟ್ಟುಕೊಂಡು, ತನ್ನ ಪಾಠಗಳನ್ನು ತಾನೇ ಓದಿ ಅದರಲ್ಲಿ ತುಂಬಿದಳು. ಕುಂದೂರಿನ ಮಾವ ತಮ್ಮ ಕಾರಿಗೆ ಹೊಸ ಸೆಟ್ಟು ಹಾಕಿಸಿಕೊಂಡು ಹಳೆಯದನ್ನು ಅವಳಿಗೆ ಕೊಟ್ಟರು. ಹಾಡಲ್ಲವಲ್ಲ ಎಂದು ಅಪ್ಪ ಒಪ್ಪಿದರು. ಸಕಲೇಶಪುರದ ಎಲೆಕ್ಟ್ರಿಷಿಯನ್ ಅದರ ವೈರನ್ನು ನೇರವಾಗಿ ಬ್ಯಾಟರಿಗೇ ಕೊಟ್ಟ. ಆದರೆ ಡೀಸೆಲ್ ಎಂಜಿನ್ನಿನ ಸದ್ದಿನ ಮುಂದೆ ಆ ಒಂದು ಸ್ಪೀಕರಿನ ಆಟ ನಡೆಯಲಿಲ್ಲ. ಅಮ್ಮ ಬಗ್ಗಿ ಅದಕ್ಕೆ ಕಿವಿ ಹಚ್ಚಿಕೊಂಡು ಕೂರುತ್ತಿದ್ದಳು. ಅಪ್ಪನಿಗೆ ಏನೋ ಗುಂಯ್ ಎನ್ನುವುದಷ್ಟೇ ಕೇಳುತ್ತಿತ್ತು.

ಪರೀಕ್ಷೆಯ ವಾರ ನಾನು ರಜೆಗೆ ಊರಿಗೆ ಬಂದಿದ್ದೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಯಾವ ವರ್ಷ ಎಂಬುದರಲ್ಲಿ ನನಗೂ ಅಮ್ಮನಿಗೂ ಈಗ ಒಮ್ಮತವಿಲ್ಲ. ಟ್ಯಾಂಕರಿನವರು ಮುಷ್ಕರ ಹೂಡುತ್ತಾರಂತೆ, ಇನ್ನು ಡೀಸೆಲ್ ಬರುವುದಿಲ್ಲವಂತೆ ಎಂಬ ಸುದ್ದಿ ಬಸ್ಸಿನಲ್ಲಿ ಹಾನುಬಾಳಿಗೆ ಬಂತು. ಸಂಜೆಯೊಳಗೆ ಅದರಿಂದ ‘ಅಂತೆ’ ಬಿದ್ದುಹೋಯಿತು. ಮರುದಿನ ಬೆಳಿಗ್ಗೆ ಪಕ್ಕದ ಎಸ್ಟೇಟಿನವರು ಜೀಪಿನ ತುಂಬ ಖಾಲಿ ಕ್ಯಾನುಗಳನ್ನು ಹೇರಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ನಾಳೆಗೆ ಸಿಗೂದಿಲ್ಲ ಮಾರಾಯ್ರೆ. ಒಂದು ಕ್ಯಾನು ಕೊಡಿ, ನಿಮಗೂ ತರ್ತೇನೆ."

"ನೀನು ಮೋಡ ಕಂಡ್ರೆ ದೋಣಿ ಕೊಳ್ಳೋನು ಕಣೋ," ಎಂದರು ಅಪ್ಪ. "ಟ್ಯಾಂಕರ್ ಎಲ್ಲೂ ಹೋಗ್ಬುಡಲ್ಲ. ನೀನು ಹೋಗು."

ನಾನು ಕುತೂಹಲಕ್ಕೆ ಅವರ ಜೊತೆ ಹೋದೆ. ಸಕಲೇಶಪುರದ ಬಂಕಿನ ಮುಂದೆ ಸಾಲು ರಸ್ತೆಗೆ ಬಂದು ಬಾಗಿತ್ತು. ಹಾಲಿನ ಕ್ಯಾನು, ಔಷಧಿ ಹೊಡೆಯುವ ಡಬ್ಬಿ, ಸ್ನಾನದ ಬಕೆಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಜನ ತಂದಿದ್ದರು. ಸಾಲಿನಲ್ಲಿದ್ದ ಒಬ್ಬರಿಗೆ ಗಾಡಿಯೇ ಇರಲಿಲ್ಲ. ಮತ್ತೇಕೆ ನಿಂತಿದ್ದೀರಿ ಎಂದು ಕೇಳಿದರೆ, ಎಲ್ಲರೂ ನಿಂತಿದ್ದಾರಲ್ಲ, ನಾಳೆ ನನಗೊಬ್ಬನಿಗೆ ಇಲ್ಲದಂತಾದರೆ ಎಂದರಂತೆ. ‘ಅಂತೆ’ ಎಂದು ಬರೆಯುವಾಗ ತಡೆಯುತ್ತೇನೆ. ಅವರನ್ನು ನಾನೇ ಕಂಡೆನೋ, ಹಿಂದಿರುಗುವಾಗ ಪಕ್ಕದ ಎಸ್ಟೇಟಿನವರು ನಗುತ್ತ ಹೇಳಿದ್ದು ಕಂಡಂತೆ ಉಳಿದುಬಿಟ್ಟಿತೋ ತಿಳಿಯದು. ಆಗಲೇ ಡೈರಿ ಬರೆಯುವ ಚಟವಿತ್ತು, ಆದರೆ ಆ ವಾರ ನಾನು ಬರೆದದ್ದು ಮೈಸೂರಿನ ಗೆಳೆಯರ ಬಗ್ಗೆ ಮಾತ್ರ. ಕಣ್ಣೆದುರು ನಡೆಯುತ್ತಿದ್ದುದು ಬರೆಯತಕ್ಕದ್ದು ಎಂದು ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ.

ಮುಷ್ಕರ ನಡೆಯಿತೋ ಇಲ್ಲವೋ, ಜನರ ಭಯಕ್ಕೇ ಬಂಕು ಬರಿದಾಯಿತು. ಅದರ ಬಾಗಿಲಿಗೆ ಹಗ್ಗ ಕಟ್ಟಿ ಸ್ಟಾಕ್ ಇಲ್ಲ ಎಂದು ಬೋರ್ಡು ತೂಗುಹಾಕಿದರು. ಅಮ್ಮನ ಪರೀಕ್ಷೆಯ ಹಿಂದಿನ ಸಂಜೆ, ನಾಳೆ ಬೆಳಗಿನ ಬಸ್ಸು ಹಾನುಬಾಳಿಗೆ ಬರುವುದಿಲ್ಲ ಎಂದು ಕಂಡಕ್ಟರು ಹೇಳಿಹೋದ. ಅಪ್ಪ ಅಂಗಳಕ್ಕಿಳಿದು ಕಡ್ಡಿಯನ್ನು ಟ್ಯಾಂಕಿಗೆ ಇಳಿಸಿ ಎತ್ತಿದರು. ತುದಿಯಷ್ಟೇ ಒದ್ದೆಯಾಗಿತ್ತು. ಒರೆಸಿ ಮತ್ತೊಮ್ಮೆ ಇಳಿಸಿದರು. ಅಷ್ಟೇ.

ಜಗಲಿಯಲ್ಲಿ ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದ ಅಮ್ಮ ತಲೆಯೆತ್ತಿ ಕಡ್ಡಿ ನೋಡಿ, ಮತ್ತೆ ಇಸ್ತ್ರಿ ಹಾಕತೊಡಗಿದಳು. ಬೈದಿದ್ದರೆ ಅಪ್ಪನಿಗೆ ಸಲೀಸಾಗುತ್ತಿತ್ತು. ಪಕ್ಕದವರನ್ನು ಕೇಳೋಣ ಎಂದು ನಾನು ಬಾಯಿ ಹಾಕಿದೆ. ಮೂರು ದಿನದ ಹಿಂದೆ ನಕ್ಕು ಕಳಿಸಿದವನ ಮುಂದೆ ಈಗ ಕ್ಯಾನು ಹಿಡಿದು ನಿಲ್ಲುವುದೇ ಎಂಬಂತೆ ಅಪ್ಪ ನನ್ನನ್ನು ನೋಡಿದರು. "ಪೇಟೆ ಇರೋದು ಕೆಳಗೆ. ಇಳಿಜಾರಿಗೆ ಡೀಸೆಲ್ ಯಾಕೆ ಬೇಕು ಮಗಾ?"

"ನಡುವೆ ಏರೂ ಐತಲ್ಲ ಕಣ್ರೀ," ಎಂದಳು ಅಮ್ಮ.

ಬೆಳಿಗ್ಗೆ ಬೇಗನೆ ಹೊರಟೆವು. ಮುಂದಿನ ಸೀಟಿನಲ್ಲಿ ಅಮ್ಮ, ಹಿಂದೆ ನಾನು. ಗೇಟು ದಾಟಿ ಇಳಿಜಾರು ಶುರುವಾಗುತ್ತಲೇ ಅಪ್ಪ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದರು. ಒಂದು ನಡುಕ ಬಂದು ಎಂಜಿನ್ ಆರಿತು, ಜೀಪು ತನ್ನ ಭಾರಕ್ಕೇ ಇಳಿಯತೊಡಗಿತು. ಇವತ್ತು ಯಾರಾದರೂ ಹೀಗೆ ಓಡಿಸಿದರೆ ನಾನೇ ಬೈಯುತ್ತೇನೆ. ಅಂದು ಅಪ್ಪ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ನಡೆದುಹೋಗುವವರಿಗಿಂತ ತುಸು ಜೋರಾಗಿ ಅಷ್ಟೇ ಬಿಟ್ಟುಕೊಂಡು ಹೋಗುತ್ತಿದ್ದರು. ಟೈರಿನಡಿ ಜಲ್ಲಿ ನುರಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಓಡಾಡಿದ ರಸ್ತೆಯಲ್ಲಿ ಅಷ್ಟೊಂದು ಹಕ್ಕಿಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

ಅಮ್ಮ ಕ್ಯಾಸೆಟ್ಟು ಹಾಕಿದಳು.

ಜೀಪಿನೊಳಗೆ ಅವಳ ದನಿ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು. ವಿಜಯನಗರದ ಕಾಲದ ಕಂದಾಯದ ಪಾಠ. ಭೂಮಿಯನ್ನು ನೀರಾವರಿ, ಖುಷ್ಕಿ, ತೋಟ ಎಂದು ವಿಂಗಡಿಸಿ ಕಂದಾಯ ಹಾಕುತ್ತಿದ್ದುದು, ಕೆರೆ ಕಟ್ಟಿಸಿದವರಿಗೆ ಭೂಮಿ ಬಿಟ್ಟುಕೊಡುತ್ತಿದ್ದುದು. ಪುಸ್ತಕದ ಮಾತನ್ನೇ ಅವಳು ನಿಧಾನವಾಗಿ, ಯಾರಿಗೋ ತಿಳಿಹೇಳುವಂತೆ ಓದಿದ್ದಳು. ಎರಡು ತಿರುವು ಕಳೆಯುವಷ್ಟರಲ್ಲಿ ಅಪ್ಪ ಕೇಳಿದರು, "ತೋಟಕ್ಕೆ ಎಷ್ಟು ಹಾಕೋರಂತೆ?"

"ಸುಮ್ನೆ ಕೇಳಿ, ಮುಂದೆ ಬರ್ತೈತೆ."

ಅದು ಬರುವ ಮೊದಲು ಬೇರೊಂದು ಬಂತು. ಕ್ಯಾಸೆಟ್ಟಿನೊಳಗೆ, ಅಮ್ಮನ ದನಿಯ ಹಿಂದೆ ಎಲ್ಲೋ ದೂರದಿಂದ, ಅಪ್ಪನದೇ ಕೂಗು: ಟಾರ್ಚ್ ಎಲ್ಲೈತೆ? ಪಾಠ ನಿಂತಿತು. ಬಾಗಿಲ ಹಿಂದೆ ಮೊಳೆಗೆ ಹಾಕಿದೀನಿ ಎಂದು ಅಮ್ಮ ಉತ್ತರ ಕೊಟ್ಟಳು. ಆಮೇಲೆ ಅದೇ ವಾಕ್ಯವನ್ನು, ಬಿಟ್ಟ ಪದದಿಂದಲೇ, ಮತ್ತೆ ಓದತೊಡಗಿದಳು. ಸ್ವಲ್ಪ ಹೊತ್ತಿಗೆ ಕುಕ್ಕರಿನ ಸೀಟಿ. ಮತ್ತೆ ಅಪ್ಪ: ಯಾರೋ ಬಂದವ್ರೆ, ಕಾಫಿ. ಮತ್ತೆ ಪಾಠ ನಿಂತಿತು, ಪಾತ್ರೆಯ ಸದ್ದು, ಮತ್ತೆ ಬಿಟ್ಟಲ್ಲಿಂದ ಪಾಠ. ನಾನು ಹಿಂದಿನ ಸೀಟಿನಿಂದ ಅಪ್ಪನ ಕುತ್ತಿಗೆಯನ್ನಷ್ಟೇ ನೋಡುತ್ತಿದ್ದೆ. ಅಮ್ಮ ಕಿಟಕಿಯಾಚೆ ನೋಡುತ್ತ, ತುಟಿ ಅಲುಗಿಸುತ್ತ, ಪಾಠವನ್ನು ಜೊತೆಗೇ ಹೇಳಿಕೊಳ್ಳುತ್ತಿದ್ದಳು. ಆ ಕೂಗುಗಳು ಅವಳ ಗಮನಕ್ಕೇ ಬಂದಂತಿರಲಿಲ್ಲ. ಅವಳಿಗೆ ಅವೂ ಪಾಠದೊಂದಿಗೆ ಬಾಯಿಪಾಠವಾಗಿದ್ದಿರಬೇಕು.

ಇಳಿಜಾರು ಮುಗಿದು ನೆಲ ಸಮವಾಗುವಲ್ಲಿ ಪಕ್ಕದ ಎಸ್ಟೇಟಿನ ಗೇಟು. ಅದರ ಮಾಲೀಕರು ಲುಂಗಿಯಲ್ಲಿ ರಸ್ತೆಗೇ ಬಂದು ನಿಂತಿದ್ದರು. ಅಪ್ಪ ನಿಲ್ಲಿಸಲೇಬೇಕಾಯಿತು.

"ಎಂತ ಮಾರಾಯ್ರೆ, ಎಲೆಕ್ಷನ್ ಭಾಷಣ ಬಂತು ಅಂತ ಓಡಿ ಬಂದೆ. ನೋಡಿದ್ರೆ ಅಕ್ಕ! ಎಂಜಿನ್ ಎಲ್ಲಿ?"

"ಬ್ರೇಕ್ ಹೆಂಗೈತೆ ಅಂತ ನೋಡ್ತಿದ್ದೆ," ಎಂದರು ಅಪ್ಪ.

ಅವರು ಅಮ್ಮನ ಇಸ್ತ್ರಿ ಮಾಡಿದ ಸೀರೆಯನ್ನೂ ಕೈಯಲ್ಲಿದ್ದ ಎರಡು ಪೆನ್ನುಗಳನ್ನೂ ನೋಡಿದರು. ಮತ್ತೇನೂ ಕೇಳದೆ ಒಳಗೆ ಹೋದರು. ಬಂದಾಗ ಒಂದು ಕೈಯಲ್ಲಿ ಕ್ಯಾನಿತ್ತು, ಇನ್ನೊಂದರಲ್ಲಿ ಲಾಳಿಕೆ. ಅಪ್ಪ ಇಳಿದು, ನಿನ್ನ ನೀರಿನ ಪಂಪಿಗೆ ಬೇಕಲ್ಲ ಎಂದು ಏನೋ ಗೊಣಗಿದರು. ಅವರು ಡೀಸೆಲ್ ಸುರಿಯುತ್ತಲೇ ಇದ್ದರು. "ಗಿಡ ಎರಡು ದಿನ ಕಾಯ್ತದೆ. ಅಕ್ಕನ ಪರೀಕ್ಷೆ ಕಾಯ್ತದಾ? ಹೋಗಿ, ಹೋಗಿ." ಅಪ್ಪ ಅಂಗಳದಲ್ಲಿ ಆಡಿದ ದೋಣಿಯ ಮಾತನ್ನು ಅವರು ಎತ್ತಬಹುದಿತ್ತು. ಎತ್ತಲಿಲ್ಲ. ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಅವರು ಕೊಟ್ಟ ಡೀಸೆಲ್ಲಿನಷ್ಟೇ, ಅವರು ಆಡದೆ ಬಿಟ್ಟ ಆ ಮಾತೂ ದೊಡ್ಡದಾಗಿ ಕಾಣುತ್ತದೆ.

ಎಂಜಿನ್ ಹಚ್ಚಿ ಏರು ಹತ್ತಿದೆವು. ಅಮ್ಮ ಮತ್ತೆ ಬಗ್ಗಿ ಸ್ಪೀಕರಿಗೆ ಕಿವಿ ಹಚ್ಚಿದಳು. ಏರಿನ ತುದಿ ತಲುಪಿ, ಪೇಟೆಯ ಅಂಚಿನ ಹೊಳೆಯವರೆಗಿನ ಉದ್ದನೆಯ ಇಳಿತ ಶುರುವಾಗುತ್ತಿದ್ದಂತೆ ಅಪ್ಪ ಮತ್ತೆ ಗುಂಡಿ ಎಳೆದರು. ಎಂಜಿನ್ ಆರಿತು.

ಅಮ್ಮ ತಲೆಯೆತ್ತಿದಳು. "ಈಗ ಡೀಸೆಲ್ ಐತಲ್ರೀ."

"ಪಾಠ ಮುಗೀಲಿ," ಎಂದರು ಅಪ್ಪ.

ಇಲ್ಲಿಯವರೆಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದಾಗ ಅವಳು ನಕ್ಕಳು. ಹೊಳೆಯವರೆಗೂ ಎಂಜಿನ್ ಆರಿಸಿ ಇಳಿದದ್ದೆಲ್ಲ ನನ್ನ ಕಲ್ಪನೆಯಂತೆ. ಅಲ್ಲೊಂದು ಇಲ್ಲೊಂದು ತಿರುವಿನಲ್ಲಿ ಆರಿಸಿದ್ದಿರಬಹುದಂತೆ, ಮಧ್ಯೆ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡು ಹಾರ್ನು ಹೊಡೆದದ್ದು ನನಗೆ ಮರೆತೇ ಹೋಗಿದೆಯಂತೆ. ಲಾರಿ ನನಗೆ ನಿಜಕ್ಕೂ ನೆನಪಿಲ್ಲ. ಕ್ಯಾಸೆಟ್ಟಿನ ಮೇಲೆ ಆಮೇಲೆ ಯಾರೋ ಹಾಡು ತುಂಬಿಸಿದ್ದರಿಂದ ಟಾರ್ಚಿನ ಕೂಗಿಗೂ ಸಾಕ್ಷಿಯಿಲ್ಲ. ಆದರೆ ‘ಪಾಠ ಮುಗೀಲಿ’ ಎಂದದ್ದನ್ನು ಅಮ್ಮ ಅಲ್ಲಗಳೆಯಲಿಲ್ಲ. ನನಗೆ ಅಷ್ಟು ಸಾಕು.

ಹೊತ್ತಿಗೆ ಮುಂಚೆಯೇ ಸಕಲೇಶಪುರದ ಕಾಲೇಜು ತಲುಪಿದೆವು. ಅಮ್ಮ ತನ್ನ ಮಕ್ಕಳ ವಯಸ್ಸಿನವರ ನಡುವೆ ಸೆರಗು ಹೊದ್ದು ಒಳಗೆ ಹೋದಳು. ಪೇಟೆಯಲ್ಲಿ ಅಪ್ಪನಿಗೆ ಯಾವಾಗಲೂ ಹತ್ತು ಕೆಲಸವಿರುತ್ತಿದ್ದವು. ಅಂದು ಅವರು ಗೇಟಿನ ಎದುರಿನ ಮರದಡಿ ಜೀಪು ನಿಲ್ಲಿಸಿ ಅಲ್ಲೇ ಕೂತರು. ಕಾಫಿ ಕುಡಿದು ಬರೋಣ ಎಂದು ನಾನು ಕರೆದರೂ ಏಳಲಿಲ್ಲ.

ಗಂಟೆ ಹೊಡೆದು ಅಮ್ಮ ಹೊರಗೆ ಬಂದಾಗ ಅವರು ಕೇಳಿದ ಮೊದಲ ಪ್ರಶ್ನೆ ಕಂದಾಯ ಬಂತಾ ಎಂಬುದು. ಬರಲಿಲ್ಲ ಎಂದಳು ಅಮ್ಮ. ಆ ಪಾಠದಿಂದ ಒಂದು ಪ್ರಶ್ನೆಯೂ ಇರಲಿಲ್ಲ. ಬೇರೆ ಪಾಠಗಳಿಂದ ಕೇಳಿದ್ದರು, ತಿಳಿದಷ್ಟು ಬರೆದಿದ್ದಳು. ತನಗೇ ಮೋಸವಾದಂತೆ ಅಪ್ಪ ದಾರಿಯುದ್ದಕ್ಕೂ ಪ್ರಶ್ನೆಪತ್ರಿಕೆ ತೆಗೆದವರನ್ನು ಬೈದರು. ಅಷ್ಟು ಚೆನ್ನಾಗಿ ಓದಿದ್ದನ್ನು ಬಿಟ್ಟು ಇನ್ನೇನು ಕೇಳಿದರು ಎಂದು ಒಂದೊಂದೇ ಪ್ರಶ್ನೆ ವಿಚಾರಿಸಿದರು. ಏರಿನಲ್ಲಿ ಎಂಜಿನ್ನಿನ ಆರ್ಭಟದ ಮೇಲೆ ದನಿಯೆತ್ತಿ ಅಮ್ಮ ಒಂದೊಂದಕ್ಕೂ ತಾನು ಬರೆದ ಉತ್ತರ ಹೇಳುತ್ತ ಬಂದಳು. ಮದುವೆಯಾದ ಮೇಲೆ ಅಷ್ಟು ಹೊತ್ತು ತಾನೊಬ್ಬಳೇ ಮಾತಾಡಿದ್ದು ಅದೇ ಮೊದಲು ಎಂದು ಅವಳು ಈಗಲೂ ಹೇಳುತ್ತಾಳೆ.

ಫಲಿತಾಂಶ ಬಂದಾಗ ನಾನು ಮೈಸೂರಿನಲ್ಲಿದ್ದೆ. ಮುಂದಿನದು ಅಮ್ಮ ಹೇಳಿದ್ದು. ಪಾಸಾದ ಸುದ್ದಿ ತಿಳಿದ ಕೂಡಲೇ ಅಪ್ಪ ಕುಂದೂರಿಗೂ ಹೇಳಿಕಳಿಸದೆ ನೇರ ಪಕ್ಕದ ಎಸ್ಟೇಟಿಗೆ ಹೋದರು, ಅಮ್ಮನನ್ನೂ ಕರೆದುಕೊಂಡು. ಜೀಪು ನಿಲ್ಲುವ ಮೊದಲೇ ಕೂಗಿ ಹೇಳಿದರು, "ನಾವು ಪಾಸಾದ್ವಿ ಕಣೋ."

"ಅಕ್ಕ ಬರೀಲಿಕ್ಕೆ ಹೋದದ್ದು ನಾ ನೋಡಿದ್ದೇನೆ," ಎಂದರಂತೆ ಅವರು. "ನೀವು ಯಾವ ಪೇಪರ್ ಬರೆದದ್ದು ಮಾರಾಯ್ರೆ?"

ಅಮ್ಮ ಜೀಪಿನಿಂದ ಇಳಿದು, ಅವರ ಮನೆಯವರು ಅಪ್ಪನ ಮುಂದೆ ತಂದಿಟ್ಟ ಮೊದಲ ಲೋಟ ಕಾಫಿಯನ್ನು ತಾನೇ ತೆಗೆದುಕೊಂಡಳಂತೆ.