ಒಳಜೇಬಿನ ಚಾಕು

ಹಳೇ ಕಾಗದದ ಗೋದಾಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಜೋಪಾನಪ್ಪ. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ಕೊಡೆ ಕೊಂಡರೆ ಅದು ನೆನೆದು ಹಾಳಾದೀತೆಂದು ಕಂಕುಳಲ್ಲಿ ಅವುಚಿಕೊಂಡು, ತಾನು ತೊಯ್ದು ತೊಪ್ಪೆಯಾಗಿ ಮನೆಗೆ ಬರುವ ಆಸಾಮಿ. ಅಂಗಡಿಯಿಂದ ಬಂದಾಗ ಸೋಫಾ ಹೊದ್ದಿದ್ದ ಪ್ಲಾಸ್ಟಿಕ್ಕನ್ನು ವರ್ಷಗಳಾದರೂ ಬಿಚ್ಚಿರಲಿಲ್ಲ. ಸೆಕೆಗಾಲದಲ್ಲಿ ಕೂತವರ ತೊಡೆ ಅದಕ್ಕೆ ಅಂಟಿಕೊಂಡು, ಏಳುವಾಗ ಚರ್ರೆಂದು ಸದ್ದಾಗುತ್ತಿತ್ತು. ಟೀವಿ ರಿಮೋಟಿಗೊಂದು ಕವರು, ಆ ಕವರು ಹರಿಯದಿರಲೆಂದು ಅದರ ಮೇಲೊಂದು ಪ್ಲಾಸ್ಟಿಕ್ ಚೀಲ. ಒಳ್ಳೆಯ ದಿನಕ್ಕೆಂದು ಎತ್ತಿಟ್ಟಿದ್ದ ಬೂಟನ್ನು ಕೊನೆಗೂ ಒಂದು ಮದುವೆಗೆ ಮೆಟ್ಟಿಕೊಂಡು ಹೊರಟರೆ, ಮದುವೆಮನೆಯ ಬಾಗಿಲಲ್ಲೇ ಅದರ ಅಟ್ಟೆ ಕಳಚಿ ಬಿತ್ತು. ಇಟ್ಟಲ್ಲೇ ಇದ್ದೂ ಇದ್ದೂ ಒಳಗಿನ ಅಂಟು ಸತ್ತೇಹೋಗಿತ್ತು. ಆ ದಿನ ಅವನು ಅಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಬರಿಗಾಲಲ್ಲಿ ಉಂಡು ಬಂದ. ನಗಬಾರದು ಅಂದುಕೊಂಡರೂ ನಗು ಬರುತ್ತದೆ. ಏನು ಮಾಡುವುದು, ಹರಿದದ್ದನ್ನು ಹೊಲಿದುಕೊಂಡೇ ಬೆಳೆದವನು. ಒಳ್ಳೆಯ ವಸ್ತು ಕೈಗೆ ಬಂದರೆ ಅವನಿಗೆ ಖುಷಿಗಿಂತ ಮೊದಲು ಭಯವಾಗುತ್ತಿತ್ತು.

ಗೋದಾಮಿನಲ್ಲಿ ಅವನ ಕೆಲಸ ಕಟ್ಟು ಕೊಯ್ಯುವುದು. ಹಳೇ ಪೇಪರು, ರಟ್ಟು ಎಲ್ಲ ಆಳೆತ್ತರದ ಹೊರೆಗಳಾಗಿ ಲಾರಿಯಲ್ಲಿ ಬರುತ್ತಿದ್ದವು. ಅವಕ್ಕೆ ಬಿಗಿದ ಪ್ಲಾಸ್ಟಿಕ್ ದಾರ ಕೊಯ್ದು, ಹೊರೆ ಒಡೆದು, ಓಡುವ ಬೆಲ್ಟಿನ ಮೇಲೆ ಸುರಿಯಬೇಕು. ಬೆಲ್ಟು ಅದನ್ನೆಲ್ಲ ಶೆಡ್ಡಿನ ಆ ತುದಿಯಲ್ಲಿದ್ದ ಒತ್ತುವ ಮೆಷೀನಿಗೆ ಹೊತ್ತುಕೊಂಡು ಹೋಗುತ್ತಿತ್ತು. ಈ ಕೆಲಸಕ್ಕೆ ಅವನ ಆಯುಧವೆಂದರೆ ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಮುರಿದ ಒಂದು ತುಂಡು. ಒಂದು ತುದಿಗೆ ಹಳೇ ಸೈಕಲ್ ಟ್ಯೂಬು ಸುತ್ತಿ ಹಿಡಿ ಮಾಡಿದ್ದ, ಇನ್ನೊಂದು ತುದಿಯನ್ನು ಕಲ್ಲಿಗೆ ಉಜ್ಜಿದ್ದ. ಅದು ಕೊಯ್ಯುತ್ತಿತ್ತು ಅನ್ನುವುದಕ್ಕಿಂತ ಕೆರೆಯುತ್ತಿತ್ತು. ಆಗಾಗ ಟಕ್ಕೆಂದು ಮುರಿಯುತ್ತಿತ್ತು. ಮುರಿದರೆ ಇನ್ನೊಂದು ತುಂಡು ಸಿದ್ಧ ಮಾಡಿಕೊಳ್ಳುತ್ತಿದ್ದ, ಕಾಸು ಖರ್ಚಿಲ್ಲ, ಚಿಂತೆಯಿಲ್ಲ.

ಅವನಿಗೆ ಒಂದು ಒಳ್ಳೆಯ ಚಾಕು ತಂದುಕೊಟ್ಟವನು ಭಾವಮೈದ, ಹೆಂಡತಿಯ ತಮ್ಮ. ತಾಯಿ ತೀರಿಕೊಂಡಾಗ ಚಡ್ಡಿ ಜಾರುವ ವಯಸ್ಸಿನಲ್ಲಿ ಅಕ್ಕನ ಸೆರಗು ಹಿಡಿದು ಈ ಮನೆಗೆ ಬಂದಿದ್ದ. ಗಂಡಹೆಂಡಿರಿಗೆ ಮಕ್ಕಳಾಗಲಿಲ್ಲ, ಇವನೇ ಮಗನಾದ. ದೊಡ್ಡವನಾಗಿ ಸರಕಿನ ಹಡಗಿನಲ್ಲಿ ಕೆಲವು ವರ್ಷ ದುಡಿದು, ಅಲ್ಲಿನ ಕೆಲಸ ಮುಗಿದ ಮೇಲೆ ವಾಪಸು ಬಂದ. ಅಕ್ಕನಿಗೆ ಒಂದು ವಾಚು, ಭಾವನಿಗೆ ಒಂದು ಸಣ್ಣ ಪೆಟ್ಟಿಗೆ ತಂದಿದ್ದ.

"ತೆಗೆದು ನೋಡಿ ಭಾವ."

ಒಳಗೊಂದು ಮಡಚುವ ಚಾಕು. ಮಡಚಿದರೆ ಅಂಗೈಯಲ್ಲಿ ಅಡಗುವಷ್ಟು, ಬಿಚ್ಚಿದರೆ ಗೇಣುದ್ದ. ಅಲಗಿನಲ್ಲಿ ಅವನ ಮೂಗು ಮೀಸೆ ಎಲ್ಲ ಕಾಣುತ್ತಿತ್ತು. ಬೆಲೆ ಕೇಳಿ ಜೋಪಾನಪ್ಪ ಅದನ್ನು ಮೆಲ್ಲಗೆ ಮತ್ತೆ ಪೆಟ್ಟಿಗೆಯೊಳಗೆ ಇಟ್ಟ. ಹೆಚ್ಚುಕಡಿಮೆ ಅವನ ಒಂದು ತಿಂಗಳ ಸಂಬಳ.

"ಅಯ್ಯೋ, ತಲೆ ಕೆಟ್ಟಿದ್ಯೇನೋ ನಿಂಗೆ? ಒಂದು ಚಾಕುಗೆ ಇಷ್ಟು ದುಡ್ಡು ಸುರೀತಾರಾ?"

"ನೀವು ದಿನಾ ಆ ಮುರುಕಲು ಬ್ಲೇಡಲ್ಲಿ ಒದ್ದಾಡ್ತೀರಲ್ಲ, ಅದಕ್ಕೇ ತಂದೆ. ಹಡಗಲ್ಲಿ ನಮ್ಮ ಮೇಸ್ತ್ರಿ ಹತ್ರ ಇಂಥದ್ದೇ ಇತ್ತು. ತೋಳು ಗಾತ್ರದ ಹಗ್ಗ ಕೊಯ್ತಿದ್ದ, ತಗಡು ಸೀಳ್ತಿದ್ದ, ಆಮೇಲೆ ಪ್ಯಾಂಟಿಗೆ ಒರೆಸಿ ಅದರಲ್ಲೇ ಸೇಬು ಹೆಚ್ಕೊಂಡು ತಿಂತಿದ್ದ. ಏನೂ ಆಗಲ್ಲ ಭಾವ, ಒರಟು ಕೆಲಸಕ್ಕೇ ಮಾಡಿರೋದು ಇದು."

ಜೋಪಾನಪ್ಪ ತಲೆಯಾಡಿಸಿದ. ಆದರೆ ಆ ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. ಅವನ ಕಣ್ಣೆದುರಿಗೆ ಬಂದದ್ದು ತಗಡು ಸೀಳಿ ಬಾಯಿ ಮುರಿದುಕೊಂಡ ಚಾಕು. ಹೆಂಡತಿ ಹಳೇ ಕಂಬಳಿಯ ತುಂಡಿನಲ್ಲಿ ಅದಕ್ಕೊಂದು ಪುಟ್ಟ ಚೀಲ ಹೊಲಿದು, ಬಾಯಿಗೆ ಗುಂಡಿ ಹಚ್ಚಿದಳು. ಗುಂಡಿಯನ್ನು ನಂಬುವ ಜೀವವೇ ಅವನದು? ಚೀಲದ ಸುತ್ತ ಪ್ಲಾಸ್ಟಿಕ್ ದಾರ ಬಿಗಿದು ಗಂಟು ಹಾಕಿದ. ಹೊರೆಗಳಿಗೆ ಬಿಗಿದು ಬರುತ್ತಿದ್ದ ಅದೇ ದಾರ. ಅದಕ್ಕಿಂತ ಗಟ್ಟಿ ದಾರ ಅವನು ಕಂಡಿರಲಿಲ್ಲ. ಮನೆಯಲ್ಲಿ ಬಿಟ್ಟರೆ ಕಳ್ಳರ ಭಯ, ಹಾಗಾಗಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೂ ಒಯ್ಯುತ್ತಿದ್ದ. ರಜಾದಿನ ಉಗುರಿನಿಂದ ಮೆಲ್ಲಗೆ ಗಂಟು ಸಡಿಲಿಸಿ, ಚಾಕು ತೆಗೆದು, ಎಣ್ಣೆ ಸವರಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮೊದಲಿನ ಹಾಗೇ ಬಿಗಿದಿಡುತ್ತಿದ್ದ. ಅದು ಒಂದೇ ಒಂದು ಕಾಗದವನ್ನೂ ಕೊಯ್ದಿರಲಿಲ್ಲ.

ಭಾವಮೈದನಿಗೆ ಬೇರೆ ಕೆಲಸ ಸಿಗದೆ ಹೋದಾಗ ಗೋದಾಮಿಗೆ ಸೇರಿಸಿದವನೂ ಜೋಪಾನಪ್ಪನೇ. ಇಬ್ಬರೂ ಒಂದೇ ಬೆಲ್ಟಿನ ಆಚೆ ಈಚೆ. ಶೆಡ್ಡಿನ ಒಳಗೆ ಕಾಗದದ ಧೂಳು ಎಷ್ಟೆಂದರೆ, ಎಲ್ಲರೂ ಮೂಗು ಬಾಯಿ ಮುಚ್ಚುವಂತೆ ಉದ್ದನೆಯ ಬಟ್ಟೆಯನ್ನು ಕುತ್ತಿಗೆಗೂ ಮುಖಕ್ಕೂ ಸುತ್ತಿಕೊಂಡೇ ಕೆಲಸ ಮಾಡಬೇಕಿತ್ತು. ಭಾವಮೈದ ಬಂದ ಮೇಲೆ ಅಲ್ಲಿ ನಗುವೂ ಬಂತು. ಊಟದ ಹೊತ್ತಿನಲ್ಲಿ ಜೊತೆಗಾರರ ಎದುರು ಭಾವನ ಎದೆ ತಟ್ಟಿ, "ಮೆಲ್ಲಗೆ ಮಾತಾಡ್ರಪ್ಪ, ಒಳಗೆ ಪಾಪು ಮಲಗಿದೆ," ಅನ್ನುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಜೋಪಾನಪ್ಪನೂ ನಗುತ್ತಿದ್ದ. ಅವನ ಬಾಳಿನಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇರಲಿಲ್ಲ.

ಬೆಲ್ಟಿನ ಕೆಳಗೆ ತಿರುಗುವ ರೋಲರಿಗೆ ಕೊಯ್ದ ದಾರ ಸುತ್ತಿಕೊಳ್ಳುವುದು ದಿನದ ಕಾಟ. ಸುತ್ತಿಕೊಂಡರೆ ಬೆಲ್ಟು ಎಳೆದಾಡುತ್ತದೆ, ಒಂದು ಕಡೆ ಜಾರುತ್ತದೆ. ಮೆಷೀನು ನಿಲ್ಲಿಸಿ ದಾರ ಕೊಯ್ಯಬೇಕು ಅನ್ನುವುದು ಕಾನೂನು. ಆದರೆ ನಿಲ್ಲಿಸಿದರೆ ಮಾಲೀಕ ಹಲ್ಲು ಕಡಿಯುತ್ತಿದ್ದ. ನಿಲ್ಲಿಸುವ ಸ್ವಿಚ್ಚೂ ಶೆಡ್ಡಿನ ಆ ತುದಿಯಲ್ಲಿ, ಒತ್ತುವ ಮೆಷೀನಿನ ಹಿಂದೆ. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಕಟ್ಟಿದ್ದರು, ಎಳೆದರೆ ಎಲ್ಲ ನಿಲ್ಲಬೇಕು. ಅದು ತುಂಡಾಗಿ ಬಹಳ ಕಾಲವಾಗಿತ್ತು. ಕೇಳಿದಾಗಲೆಲ್ಲ ಮಾಲೀಕ ನಾಳೆ ಹಾಕಿಸೋಣ ಅನ್ನುತ್ತಿದ್ದ. ಅವನ ನಾಳೆಗೆ ನನ್ನ ಶಾಪವಿರಲಿ.

ಅಂದು ಊಟ ಮುಗಿಸಿ ಎದ್ದಿದ್ದರಷ್ಟೆ. ರೋಲರಿಗೆ ದಾರ ಸುತ್ತಿ ಬೆಲ್ಟು ಕಿರುಗುಟ್ಟತೊಡಗಿತು. ಭಾವಮೈದ ಬಗ್ಗಿ ನೋಡಿ ಕೈ ಚಾಚಿದ.

"ಭಾವ, ಆ ಚಾಕು ಕೊಡಿ ಇಲ್ಲಿ. ದಾರಕ್ಕೆ ತಾಗಿಸಿದರೆ ಸಾಕು, ತಾನಾಗೇ ಕೊಯ್ದುಕೊಂಡು ಬರುತ್ತೆ."

ಜೋಪಾನಪ್ಪನ ಕೈ ಎದೆಯ ಹತ್ತಿರ ಹೋಯಿತು. ಜೇಬನ್ನು ಮುಚ್ಚಿ ಹಿಡಿಯಿತು.

"ಆ ಜಿಡ್ಡು, ಆ ಕಬ್ಬಿಣ... ಬಾಯಿ ಹೋಗುತ್ತೆ ಕಣೋ. ತಗೋ, ಈ ಬ್ಲೇಡು ತಗೋ."

"ಅದನ್ನ ಹಿಡ್ಕೊಂಡು ಕೂತ್ರೆ ಸಂಜೆಯಾಗುತ್ತೆ. ಹೋಗ್ಲಿ ಬಿಡಿ, ಇಟ್ಕೊಳ್ಳಿ. ನಂಗೆ ಮದುವೆಯಾಗಿ, ಮಗ ಹುಟ್ಟಿ, ಅವನಿಗೆ ಮೀಸೆ ಬಂದ ಮೇಲೆ ಕೊಡಿ."

ನಗುತ್ತಲೇ ಬಗ್ಗಿ ದಾರದ ತುದಿಯನ್ನು ಬರಿಗೈಯಲ್ಲಿ ಹಿಡಿದು ಜಗ್ಗಿದ. ದಿನವೂ ಎಲ್ಲರೂ ಮಾಡುತ್ತಿದ್ದದ್ದೇ. ಅಂದು ಅವನ ಮುಖಕ್ಕೆ ಸುತ್ತಿದ್ದ ಬಟ್ಟೆಯ ಜೋತ ತುದಿ ದಾರದ ಜೊತೆಗೇ ರೋಲರಿನೊಳಗೆ ಹೋಯಿತು.

ಅವನು ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ. ಬಟ್ಟೆ ಕುತ್ತಿಗೆಗೆ ಬಿಗಿದು ತಲೆಯನ್ನು ಬೆಲ್ಟಿನ ಕಬ್ಬಿಣದ ಚೌಕಟ್ಟಿಗೆ ಎಳೆದು ಒತ್ತಿತು. ಕಾಲುಗಳು ನೆಲ ಕೆರೆಯುತ್ತಿದ್ದವು. ಜೋಪಾನಪ್ಪ ಬೆಲ್ಟಿನ ಮೇಲಿಂದಲೇ ಹಾರಿ ಬಂದು ಬಟ್ಟೆಗೆ ಬ್ಲೇಡು ಹಾಕಿದ. ನಾಲ್ಕು ಮಡಿಕೆಯ ಬಟ್ಟೆ, ಬೆವರಿಗೆ ಒದ್ದೆಯಾದದ್ದು. ಬ್ಲೇಡು ಅದನ್ನು ಕೆರೆಯಿತು, ಇನ್ನಷ್ಟು ಕೆರೆಯಿತು, ಆಮೇಲೆ ಟಕ್ಕೆಂದಿತು. "ನಿಲ್ಸ್ರೋ! ನಿಲ್ಸ್ರೋ!" ಎಂದು ಅರಚಿದ. ಯಾರೋ ಸ್ವಿಚ್ಚಿನ ಕಡೆ ಓಡಿದರು. ಅವನು ಒಳಜೇಬಿಗೆ ಕೈ ಹಾಕಿ ಚೀಲ ಕಿತ್ತು ತೆಗೆದ. ಗಂಟು ಉಗುರಿಗೆ ಸಿಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ. ಅವನೇ ಬಿಗಿದ ಗಂಟು, ಯಾರ ಕೈಗೂ ಸಿಗದಿರಲಿ ಎಂದು ಜೋಪಾನವಾಗಿ ಬಿಗಿದ ಗಂಟು. ಒಸಡಿನಿಂದ ರಕ್ತ ಬಂತು, ಗಂಟು ಬರಲಿಲ್ಲ. ಆ ದಾರ ಕೊಯ್ಯಲು ಚಾಕು ಬೇಕಿತ್ತು, ಚಾಕು ಆ ದಾರದ ಒಳಗಿತ್ತು.

ಮೆಷೀನು ನಿಂತಾಗ ಅವನ ಬಾಯಲ್ಲಿ ಇನ್ನೂ ಆ ಚೀಲವಿತ್ತು. ಕೊನೆಗೆ ಗಂಟು ಜಾರಿತು, ಗುಂಡಿ ಕಿತ್ತು ಬಂತು, ಚಾಕು ಬಿಚ್ಚಿಕೊಂಡಿತು. ಅಲಗನ್ನು ಬಟ್ಟೆಗೆ ಸೋಕಿಸಿದ ಅಷ್ಟೆ. ನಾಲ್ಕೂ ಮಡಿಕೆ ಒಂದೇ ಸಲಕ್ಕೆ ಬಿಟ್ಟುಕೊಂಡವು. ಭಾವಮೈದ ಅವನ ತೊಡೆಯ ಮೇಲೆ ಬಿದ್ದ. ಬೆನ್ನು ತಟ್ಟಿದರು, ನೀರು ಚಿಮುಕಿಸಿದರು, ಆಸ್ಪತ್ರೆಗೆ ಹೊತ್ತುಕೊಂಡು ಓಡಿದರು. ಡಾಕ್ಟರು ರೆಪ್ಪೆ ಎತ್ತಿ ನೋಡಿ, ಮುಖದ ಮೇಲೆ ಬಟ್ಟೆ ಎಳೆದರು.

ಮಾಲೀಕ ಹೊಸ ಹಗ್ಗ ಕಟ್ಟಿಸಿದ. ಕಟ್ಟಲು ಒಂದು ಗಂಟೆಯೂ ಬೇಕಾಗಲಿಲ್ಲ ಎಂದು ಜೊತೆಗಾರರು ಹೇಳಿದರು.

ಹೆಂಡತಿಗೆ ಕೆಲವು ದಿನ ಒಂದೇ ಕೆಲಸ. ತಮ್ಮನ ಅಂಗಿಗಳನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು, ಇಷ್ಟೇ. ಬಂದುಹೋಗುವ ನೆಂಟರೆಲ್ಲ ಹೊರಟ ಮೇಲೆ ಒಂದು ಬೆಳಿಗ್ಗೆ ಅವನೆದುರು ಬಂದು ಕೂತಳು.

"ಚಾಕು ಜೇಬಲ್ಲೇ ಇತ್ತಾ?"

"ಇತ್ತು."

"ಚೀಲದೊಳಗಾ?"

"ಹೂಂ."

"ದಾರ ಬಿಗಿದಿತ್ತಾ?"

"ಬಿಗಿದಿತ್ತು," ಅಂದ. ಆಮೇಲೆ ಅವಳು ಕೇಳದಿದ್ದದ್ದನ್ನೂ ಹೇಳಿಬಿಟ್ಟ. ಭಾವಮೈದ ಕೈ ಚಾಚಿದ್ದು, ತಾನು ಕೊಡದಿದ್ದದ್ದು, ಬಾಯಿ ಹೋಗುತ್ತದೆ ಅಂದದ್ದು, ಮೀಸೆ ಬಂದ ಮೇಲೆ ಕೊಡಿ ಎಂದು ಅವನು ನಕ್ಕದ್ದು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಉಸಿರಾಡಲು ಆಗುತ್ತಿತ್ತೇನೋ. ಎದ್ದು ಹೋಗಿ ಕತ್ತರಿ ತಂದು ಸೋಫಾದ ಪ್ಲಾಸ್ಟಿಕ್ಕನ್ನು ಕೊಚ್ಚಿ ಹರಿದಳು. ರಿಮೋಟಿನ ಕವರು, ಮಿಕ್ಸಿಯ ಮುಸುಕು, ಎತ್ತಿಟ್ಟ ತಟ್ಟೆಗಳಿಗೆ ಸುತ್ತಿದ ಪೇಪರು, ಎಲ್ಲವನ್ನೂ ಕಿತ್ತು ಬಾಗಿಲಾಚೆ ಎಸೆದಳು. ಅವನು ಗೋಡೆಗೆ ಒರಗಿ ನೋಡುತ್ತ ನಿಂತಿದ್ದ. ಕೊನೆಗೆ ಅವಳು ಏದುಸಿರು ಬಿಡುತ್ತ ಅವನ ಕಡೆ ತಿರುಗಿದಳು.

"ಆ ಚಾಕು ಕೆಲಸಕ್ಕೆ ಹಚ್ಚಿ. ಹಾಳು ಮಾಡ್ಕೊಂಡು ಬನ್ನಿ. ಏನಾಗಿಬಿಡುತ್ತೆ ಅಂತ ಹೆದರಿದ್ರಲ್ಲ, ಅದು ಆಗೋದನ್ನ ನಾನು ನೋಡ್ಬೇಕು."

ಅವನು ಹಚ್ಚಿದ. ದ್ವೇಷವಿದ್ದವನ ಹಾಗೆ ಹಚ್ಚಿದ. ಹೊರೆಯ ಮೇಲೆ ಹೊರೆ ಕೊಯ್ದ. ಮೆಷೀನು ನಿಲ್ಲಿಸಿ ರೋಲರಿನ ದಾರವನ್ನು ಜಿಡ್ಡು ಸಮೇತ ಸೀಳಿದ. ಈಗ ನಿಲ್ಲಿಸಿದರೆ ಮಾಲೀಕನೂ ತುಟಿ ಬಿಚ್ಚುತ್ತಿರಲಿಲ್ಲ. ಡಾಂಬರು ಮೆತ್ತಿದ ಡ್ರಮ್ಮು ಕೆರೆದ, ರಟ್ಟಿನೊಳಗಿನ ಪಿನ್ನುಗಳನ್ನು ಮೀಟಿದ, ತಂತಿಯ ಮೇಲಿನ ರಬ್ಬರು ಸುಲಿದ, ಟೈರು ಕತ್ತರಿಸಿದ. "ಅಷ್ಟು ದುಬಾರಿ ಚಾಕು ಕಣೋ, ಯಾಕೋ ಹೀಗೆ ಜೀವ ತೆಗೀತೀಯ," ಎಂದು ಒಬ್ಬ ಜೊತೆಗಾರ ಅಂದು, ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಜೋಪಾನಪ್ಪ ಎಂದು ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಏನೆಂದು ಕರೆಯಬೇಕೆಂದೂ ಯಾರಿಗೂ ತಿಳಿಯಲಿಲ್ಲ.

ದಿನವೂ ಸಂಜೆ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು, ಅಲಗನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ. ಅವನ ಒಳಗಿನ ಆಸೆ ಏನಿತ್ತೆಂದು ನಾಚಿಕೆ ಬಿಟ್ಟು ಹೇಳಬೇಕು. ಎಲ್ಲಾದರೂ ಒಂದು ಹಲ್ಲು ಮುರಿದಿರಲಿ, ಒಂದು ಕೂದಲೆಳೆಯಷ್ಟು ಬಿರುಕಾದರೂ ಬಿಟ್ಟಿರಲಿ ಎಂದು ಹುಡುಕುತ್ತಿದ್ದ. ಅಷ್ಟು ಸಿಕ್ಕಿದರೆ, ಹೆದರಿದ್ದರಲ್ಲಿ ಸ್ವಲ್ಪವಾದರೂ ಹುರುಳಿತ್ತು ಎಂದು ಹೆಂಡತಿಗೆ ತೋರಿಸಬಹುದಿತ್ತು. ಹಿಡಿಯ ಬಣ್ಣ ಹೋಯಿತು, ಮೈತುಂಬ ಗೀರಾಯಿತು. ಬಾಯಿಗೆ ಮಾತ್ರ ಏನೂ ಆಗಲಿಲ್ಲ.

ಹಾಗೇ ತಿಂಗಳುಗಳು ಕಳೆದವು. ಒಂದು ಸಂಜೆ ಅವಳು ಕೈ ಚಾಚಿ ಚಾಕು ಇಸಕೊಂಡಳು. ಸೆರಗಿಗೆ ಒರೆಸಿ, ಬುಟ್ಟಿಯಿಂದ ಒಂದು ಸೇಬು ತೆಗೆದು ಸುಲಿಯತೊಡಗಿದಳು. ಸಿಪ್ಪೆ ಎಲ್ಲೂ ತುಂಡಾಗದೆ, ತೆಳ್ಳಗೆ, ಸುರುಳಿಯಾಗಿ ಅವಳ ಮಡಿಲಿಗೆ ಇಳಿಯಿತು. ಅವಳು ಅಲಗನ್ನು ಹೆಬ್ಬೆರಳಿಂದ ಸವರಿ ನೋಡಿದಳು.

"ಏನೂ ಆಗಿಲ್ಲವಲ್ರೀ ಇದಕ್ಕೆ."

"ಇಲ್ಲ."

"ಹೊಸದಿದ್ದ ಹಾಗೇ ಇದೆಯಲ್ರೀ," ಎಂದವಳು, ತಮ್ಮ ಸತ್ತ ದಿನವೂ ಅಳದಷ್ಟು ಜೋರಾಗಿ ಅತ್ತಳು. ಅವನು ಹತ್ತಿರ ಹೋಗಿ ಅವಳ ಕೈಯಿಂದ ಚಾಕು ತೆಗೆದುಕೊಂಡು, ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ.